ಹಗೇವು ಯಾರದು, ಕಾಳು ಯಾರದು?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯಳಂದೂರಿಗೆ ಬಂದಿದ್ದ. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ ಅವನದು. ಈ ಸೀಮೆಯ ಒಕ್ಕಲುತನದ ಮಾತುಗಳನ್ನೂ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮಾತುಗಳನ್ನೂ ನಾನು ಬಹುಕಾಲದಿಂದ ಕೂಡಿಸುತ್ತ ಬಂದವನು. ಅವನ್ನು ಮೊಬೈಲಿನಲ್ಲಿ ನೋಡತಕ್ಕ ನಿಘಂಟಾಗಿ ಮಾಡಿಕೊಡುವೆನೆಂಬುದು ಅವನ ಉತ್ಸಾಹ. “ಯಾವ ಫ್ರೇಮ್‌ವರ್ಕಿನಲ್ಲಿ ಮಾಡಲಿ, ಮೇಷ್ಟ್ರೇ?” ಎಂದು ಕೇಳಿದ. ಇದು ನನ್ನನ್ನು ಕೇಳುವ ಪ್ರಶ್ನೆಯೇ ಎಂದು ನಕ್ಕೆ. ಆಮೇಲೆ ಯೋಚಿಸಿದಾಗ, ಕೇಳಬೇಕಾದುದು ನನ್ನಂಥವನನ್ನೇ ಎನಿಸಿತು.

ಏಕೆಂದರೆ ಈ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಇಪ್ಪತ್ತು ವರ್ಷಗಳ ಹಿಂದೆ ಆ ಪದಗಳನ್ನೆಲ್ಲ ಗಣಕದಲ್ಲಿ ಬೆರಳಚ್ಚು ಮಾಡಿಸಿದ್ದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದಿತು. ಆದರೆ ನಾನು ಬಳಸಿದ ತಂತ್ರಾಂಶ ಅದನ್ನು ಅನುಸರಿಸಿರಲಿಲ್ಲ. ಅದು ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ತುಂಡುಗಳನ್ನು ಅಂಟಿಸಿದ್ದಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನನ್ನ ಪದಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಅದೃಷ್ಟಕ್ಕೆ ಕಾಗದದ ಪ್ರತಿಯೊಂದು ಉಳಿದಿತ್ತು. ಹದಿನೇಳನೆಯ ಶತಮಾನದ ಸಂಚಿ ಹೊನ್ನಮ್ಮ ನಮ್ಮ ಯಳಂದೂರಿನವಳೆಂದು ಪ್ರತೀತಿ. ಅವಳ ಕಾಲದ ಓಲೆಗರಿಯನ್ನು ಅಕ್ಷರ ಬಲ್ಲವರು ಇಂದಿಗೂ ಓದಬಲ್ಲರು. ಇಪ್ಪತ್ತು ವರ್ಷದ ನನ್ನ ಕಡತವನ್ನು ನಾನೇ ಓದಲಾರದವನಾದೆ!

ಫ್ರೇಮ್‌ವರ್ಕೆಂದರೆ ಕಂಬ, ತೊಲೆಗಳನ್ನು ಮೊದಲೇ ನಿಲ್ಲಿಸಿಟ್ಟ ಮನೆಯಿದ್ದಂತೆ. ಗೋಡೆ, ಬಾಗಿಲುಗಳಷ್ಟೇ ನಮ್ಮವು. ಅದನ್ನು ಆರಿಸುವಾಗ ಸಾಮಾನ್ಯವಾಗಿ ಎರಡು ಗುಣಗಳನ್ನು ನೋಡುತ್ತಾರೆ. ಅದರ ಮೂಲಪಾಠ ಎಲ್ಲರಿಗೂ ತೆರೆದಿದೆಯೇ? ಅದು ಬಗೆಬಗೆಯ ಯಂತ್ರಗಳಲ್ಲಿ ನಡೆಯುವುದೇ? ಈ ಎರಡನ್ನೂ ಒಂದೇ ಗುಣವೆಂಬಂತೆ ಹೊಗಳುವವರುಂಟು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ.

ಜಾವಾವನ್ನು ನೋಡಿ. 1995ರಲ್ಲಿ ಬಂದಾಗಲೇ ‘ಒಮ್ಮೆ ಬರೆದರೆ ಎಲ್ಲಿಯಾದರೂ ನಡೆದೀತು’ ಎಂಬುದು ಅದರ ಹೆಮ್ಮೆ. ಸನ್ ಸಂಸ್ಥೆ ಅದರ ಮೂಲಪಾಠವನ್ನು ಮುಕ್ತ ಪರವಾನಗಿಯಲ್ಲಿ ಬಿಡತೊಡಗಿದ್ದು 2006ರಲ್ಲಿ. ಸನ್ನನ್ನು ಕೊಂಡ ಒರಾಕಲ್, 2010ರಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ಆಂಡ್ರಾಯ್ಡಿನಲ್ಲಿ ಜಾವಾದ ಕೆಲವು ಭಾಗಗಳನ್ನು ಬಳಸಿದ್ದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು 2021ರಲ್ಲಿ. ಎಲ್ಲೆಡೆ ನಡೆಯುವುದು ಬೇರೆ, ಎಲ್ಲರದಾಗುವುದು ಬೇರೆ.

ಮೈಕ್ರೋಸಾಫ್ಟಿನ ಡಾಟ್‌ನೆಟ್ ಕಥೆ ಇನ್ನೊಂದು ಬಗೆ. 2002ರಲ್ಲಿ ಅದು ವಿಂಡೋಸಿನ ಅಂಗಳದ ಬಳ್ಳಿ. ಹೊರಗಿನವರು ಮೋನೋ ಎಂಬ ಹೆಸರಿನಲ್ಲಿ ಅದನ್ನು ಲಿನಕ್ಸಿಗೆ ತರಲು ದುಡಿದರು. ಮೂಲಪಾಠವನ್ನು ತೆರೆಯುವೆವೆಂದು ಸಂಸ್ಥೆ ಸಾರಿದ್ದು 2014ರಲ್ಲಿ; ಲಿನಕ್ಸ್, ಮ್ಯಾಕ್‌ಗಳಲ್ಲಿಯೂ ನಡೆಯುವ ಡಾಟ್‌ನೆಟ್ ಕೋರ್ ಹೊರಬಂದದ್ದು 2016ರಲ್ಲಿ. ಒಡೆಯನ ಮನಸ್ಸು ಬದಲಾಗುವವರೆಗೆ ಹನ್ನೆರಡು ವರ್ಷ!

ಹಾಗಾದರೆ ಮುಕ್ತವಾದುದೆಲ್ಲ ಕ್ಷೇಮವೆ? ಅದನ್ನೂ ಹೇಳಲಾರೆ. ಗೂಗಲ್ ಸಾಕಿದ ಆಂಗ್ಯುಲರ್‌ಜೆಎಸ್ ಮುಕ್ತವೇ ಆಗಿದ್ದಿತು. ಆದರೂ 2022ರ ಆರಂಭಕ್ಕೆ ಅದರ ಪೋಷಣೆಯನ್ನು ನಿಲ್ಲಿಸಿದರು. ಮೂಲಪಾಠ ಕೈಯಲ್ಲಿದೆ; ದುರಸ್ತಿ ಮಾಡುವ ಕೈಗಳು ಬೇಕಷ್ಟೆ. ನಾಲ್ಕು ಜನರ ಸಣ್ಣ ಕೆಲಸಕ್ಕೆ ಆ ಕೈಗಳು ಎಲ್ಲಿಂದ ಬರಬೇಕು? ಸಂಬಳ ಕೊಟ್ಟು ನೋಡಿಕೊಳ್ಳುವ ಒಡೆಯನಿರುವುದು ಲಾಭವೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಬಿಟ್ಟುಹೋದ ತೆರೆದ ಮನೆಯನ್ನು ಯಾರಾದರೂ ಎತ್ತಿ ನಿಲ್ಲಿಸಬಹುದು. ಬೀಗ ಹಾಕಿಕೊಂಡು ಹೋದ ಮನೆಗೆ ಆ ಭಾಗ್ಯವಿಲ್ಲ. ಆದುದರಿಂದ ತಕ್ಕಡಿಯಲ್ಲಿ ಮುಕ್ತತೆಯ ತಟ್ಟೆಯೇ ತುಸು ಕೆಳಗೆ ಎಂದು ನನ್ನ ಭಾವನೆ.

ನನ್ನ ಶಿಷ್ಯನ ಒಲವು ಫ್ಲಟರಿನ ಕಡೆಗಿದ್ದಿತು. ಅದು ಮುಕ್ತ, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್‌ಗಳಲ್ಲಿ ನಡೆಯುತ್ತದೆ. ನಮ್ಮಂಥ ಊರಿಗೆ ಇದು ಅಲ್ಪ ಗುಣವಲ್ಲ: ಕಚೇರಿಯ ಮೇಜಿನ ಮೇಲೊಂದು ಬಗೆಯ ಯಂತ್ರ, ಮಕ್ಕಳ ತಂದೆತಾಯಂದಿರ ಕೈಯಲ್ಲಿ ಮತ್ತೊಂದು. ಆದರೆ ಅಕ್ಷರಗಳನ್ನು ತೆರೆಯ ಮೇಲೆ ಬಿಡಿಸುವ ಕೆಲಸವನ್ನು ಅದು ತಾನೇ ಮಾಡುತ್ತದೆ. ಆದುದರಿಂದ ಮೂರನೆಯ ಪರೀಕ್ಷೆಯೊಂದನ್ನು ನಾನು ಸೇರಿಸಿದೆ. ‘ಸೂರ್ಯ’, ‘ರಾಷ್ಟ್ರ’, ‘ಜ್ಞಾನ’ ಎಂದು ಬರೆದು ತೋರಿಸು. ಅರ್ಕಾವತ್ತು, ಒತ್ತಕ್ಷರಗಳು ಪ್ರತಿಯೊಂದು ಯಂತ್ರದಲ್ಲಿಯೂ ತಮ್ಮ ಸ್ಥಾನದಲ್ಲಿ ಕುಳಿತರೆ ಮುಂದಿನ ಮಾತು ಎಂದೆ. ಕುಳಿತವು.

ಕೊನೆಗೆ ಒಂದು ಕರಾರು ಮಾಡಿಕೊಂಡೆವು. ಪದಗಳೆಲ್ಲ ಮೊದಲು ಯೂನಿಕೋಡಿನಲ್ಲಿ, ಯಾವ ತಂತ್ರಾಂಶದಿಂದಲೂ ತೆರೆಯಬಲ್ಲ ಸರಳ ಪಠ್ಯವಾಗಿ ಇರಬೇಕು. ಫ್ಲಟರ್ ಅದನ್ನು ತೋರಿಸುವ ಕಿಟಕಿ ಮಾತ್ರ. ನಾಳೆ ಕಿಟಕಿ ಮುರಿದರೆ ಬೇರೆ ಕಿಟಕಿ ಇಟ್ಟುಕೊಳ್ಳಬಹುದು. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬರ ಬಂದಾಗ ಅಗೆದು ತೆಗೆಯುವ ಹಕ್ಕು ತಮ್ಮದೇ ಎಂಬ ಭರವಸೆಯಿಂದ.

ಅಧ್ಯಾಪಕ ಮಿತ್ರರಲ್ಲಿಯೂ ಸಂಶೋಧನೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೆ: ಹಳೆಯ ಫಾಂಟುಗಳಲ್ಲಿ ಉಳಿದಿರುವ ನಿಮ್ಮ ಕಡತಗಳನ್ನು ಈ ವಾರವೇ ಒಮ್ಮೆ ತೆರೆದು ನೋಡಿ. ಓದಲು ಬರುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ತನ್ನಿ. ನನಗೆ ಉಳಿದಂತೆ ಕಾಗದದ ಪ್ರತಿ ಎಲ್ಲರಿಗೂ ಉಳಿದಿರಲಾರದು.