ಜಗಲಿಯ ಮಾತು: ಎರಡನೆಯ ಇನ್ನಿಂಗ್ಸ್ ಯಾರಿಗೆ?

ಕಳೆದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಒಂದು ಪಂಚಾಯ್ತಿ ಸೇರಿತ್ತು. ಆರೋಪಿ ಹದಿನಾರು ವರ್ಷದ ಹುಡುಗಿ. ಅಪರಾಧ, ಆಯ್ಕೆಯ ಪಂದ್ಯದಲ್ಲಿ ಎರಡನೆಯ ಚೆಂಡಿಗೇ ಔಟಾಗಿ ಸೊನ್ನೆ ಹೊತ್ತು ಬಂದದ್ದು.

ಹುಡುಗಿ ನನ್ನ ಅಕ್ಕನ ಮೊಮ್ಮಗಳು. ಓದಲೆಂದು ಊರಿನಿಂದ ಬಂದು ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಜೊತೆ ಇದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಬ್ಯಾಟು ಹಿಡಿದು ಹೊರಡುತ್ತಾಳೆ, ಏಳೂವರೆಗೆ ಬಂದು ನಾಲ್ಕು ದೋಸೆ ತಿಂದು ಕಾಲೇಜಿಗೆ ಓಡುತ್ತಾಳೆ. ಇನ್ನೊಂದು ವರ್ಷ ಅವಳನ್ನು ತರಬೇತಿಗೆ ಕಳಿಸಬೇಕೇ, ಇಲ್ಲಾ ಬ್ಯಾಟನ್ನು ಅಟ್ಟಕ್ಕೆ ಹಾಕಿ ಓದಿಗೆ ಕೂರಿಸಬೇಕೇ ಎಂಬುದು ಅವತ್ತಿನ ಚರ್ಚೆ. ಅವಳಪ್ಪ, ಅವಳ ಚಿಕ್ಕಪ್ಪ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ನಮ್ಮ ಯಜಮಾನರು, ನಾಲ್ಕೂ ಜನ ನ್ಯಾಯಾಧೀಶರೇ. ನಾನು ಕೋಡುಬಳೆ, ಕಾಫಿ ಸರಬರಾಜಿನ ಇಲಾಖೆ.

"ಕಣ್ಣು ಚುರುಕು, ಓಟ ಚೆನ್ನಾಗಿದೆ" ಅಂದರು ಮೇಷ್ಟ್ರು.

"ಓಟ ಇದ್ದು ಏನು ಬಂತು? ಎದೆಯೆತ್ತರದ ಚೆಂಡು ಬಂದರೆ ಹಿಂದೆ ಸರೀತಾಳೆ. ಆಳೂ ಗಿಡ್ಡ" ಅಂದ ಚಿಕ್ಕಪ್ಪ.

"ನೆಟ್ಸ್‌ನಲ್ಲಿ ಚೆನ್ನಾಗೇ ಆಡ್ತಾಳಲ್ಲ?"

"ನೆಟ್ಸ್‌ನಲ್ಲಿ ಎಲ್ಲರೂ ಆಡ್ತಾರೆ ಬಿಡಿ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತೀನ ನೋಡಿ. 2011ರಲ್ಲಿ, ಹದಿನೆಂಟನೇ ವಯಸ್ಸಿಗೆ, ಇಂಗ್ಲೆಂಡಿನಲ್ಲಿ ಆಡಿದ ಮೊದಲನೇ ಏಕದಿನ ಪಂದ್ಯದಲ್ಲೇ 51 ಹೊಡೆದಳು. ಬೆಳೆಯೋ ಸಿರಿ ಮೊಳಕೆಯಲ್ಲೇ ಅಂತಾರಲ್ಲ, ಹಾಗೆ. ಇವಳ ಮೊಳಕೆ ಸೊನ್ನೆ."

ಒಳಗೆ ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಗೆ ಇದೆಲ್ಲ ಕೇಳಿಸುತ್ತಿತ್ತು. ನನಗೋ, ಕಾಫಿ ತಟ್ಟೆ ಕೈಯಲ್ಲಿದ್ದಂತೆಯೇ ಇನ್ನೊಂದು ಜಗಲಿ ನೆನಪಾಯಿತು.

ನನಗೂ ಹೊಸಮನೆ ಎಂಬ ಹೆಸರಿಗೂ ಏನು ಋಣವೋ! ಸೇರಿದ ಮನೆ ಶಿವಮೊಗ್ಗದ ಹೊಸಮನೆಯಲ್ಲಾದರೆ, ಹುಟ್ಟಿದ ಮನೆ ಭದ್ರಾವತಿಯ ಹೊಸಮನೆಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಮ್ಮ ಸಾಲಿನಲ್ಲಿ ರೇಡಿಯೋ ಇದ್ದ ಮನೆಗಳು ಕಡಿಮೆ. ಹಾಗಾಗಿ ಕ್ರಿಕೆಟ್ ಬಂತೆಂದರೆ ಪಾಳಿ ಮುಗಿಸಿದವರೆಲ್ಲ ನಮ್ಮ ಜಗಲಿಗೇ. 1969ರ ನವೆಂಬರ್ ಅದು. ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಎರಡನೆಯ ಟೆಸ್ಟು. ನಮ್ಮ ಊರಿನಲ್ಲಿ ಹುಟ್ಟಿದ ಹುಡುಗ, ಇಪ್ಪತ್ತು ವರ್ಷದ ಜಿ. ಆರ್. ವಿಶ್ವನಾಥ್, ಮೊದಲ ಬಾರಿಗೆ ಭಾರತಕ್ಕೆ ಆಡುತ್ತಿದ್ದರು. ಆಡಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಭದ್ರಾವತಿಯವರಿಗೆ ಅವರು ನಮ್ಮ ಹುಡುಗ.

ನಮ್ಮ ಹುಡುಗ ಅಂದಮೇಲೆ ಹೊಗಳಬೇಕಲ್ಲವೇ? ಹಾಗೇನಿಲ್ಲ. ಜಗಲಿಯಲ್ಲಿ ಎರಡು ಪಕ್ಷ ಆಯಿತು. ಒಂದು ಪಕ್ಷದವರು, "1967ರಲ್ಲಿ ಆಂಧ್ರದ ಮೇಲೆ ಮೊದಲನೇ ರಣಜಿ ಪಂದ್ಯದಲ್ಲೇ 230 ಹೊಡೆದವನು ಸ್ವಾಮೀ, ಅವನ ಮಣಿಕಟ್ಟು ನೋಡಬೇಕು, ಬೆಣ್ಣೆ ಕೊಯ್ದ ಹಾಗೆ ಕಟ್ ಮಾಡ್ತಾನೆ" ಎನ್ನುವರು. ಇನ್ನೊಂದು ಪಕ್ಷದವರು, "ಆಂಧ್ರದ ಬೌಲರುಗಳು ಬೇರೆ, ಮೆಕೆಂಜಿ ಬೇರೆ. ಆಳು ನೋಡಿದರೆ ಐದಡಿ ಮೇಲೆ ಮೂರು ನಾಲ್ಕಂಗುಲ. ಚೆಂಡು ತಲೆ ಮೇಲೆ ಹೋದರೆ ಏಣಿ ಹಾಕ್ಕೋತಾನಾ?" ಎನ್ನುವರು. ಆಟ ಕಂಡವರು ಅಲ್ಲಿ ಒಬ್ಬಿಬ್ಬರಿದ್ದರೆ ಹೆಚ್ಚು. ಮಾತಿಗೇನೂ ಬರವಿರಲಿಲ್ಲ.

ಮೊದಲ ಇನ್ನಿಂಗ್ಸ್‌ನಲ್ಲಿ ವಿಶ್ವನಾಥ್ ಸೊನ್ನೆಗೆ ಔಟಾದರು. ಜಗಲಿಯಲ್ಲಿ ಸೂತಕದ ಮೌನ. ಆಮೇಲೆ ಹೊಗಳಿದ್ದ ಪಕ್ಷದವರೇ ಮೊದಲು ಬಾಯಿಬಿಟ್ಟರು. "ನನಗೆ ಮೊದಲೇ ಗೊತ್ತಿತ್ತು!" ಒಳಗೆ ದೋಸೆ ಹೊಯ್ಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಮೊದಲನೇ ದೋಸೆ ಎದ್ದಿಲ್ಲ ಅಂತ ಯಾರಾದರೂ ಕಾವಲಿ ಬಿಸಾಡ್ತಾರಾ?"

ಎರಡನೆಯ ಇನ್ನಿಂಗ್ಸ್‌ಗೆ ಮುಂಚೆ ನಾಯಕ ಪಟೌಡಿಯವರು ಹುಡುಗನ ಬಳಿ ಬಂದು, ಯೋಚನೆ ಬಿಡು, ನೀನು ಶತಕ ಹೊಡೀತೀಯ ಎಂದು ಧೈರ್ಯ ಹೇಳಿದರಂತೆ. ಇದನ್ನು ವಿಶ್ವನಾಥ್ ಅವರೇ ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಹೊಡೆದದ್ದು 137. ಅದರಲ್ಲಿ 25 ಬೌಂಡರಿ. ಲೆಕ್ಕ ಹಾಕಿ, ನೂರು ರನ್ನು ಬೌಂಡರಿಯಲ್ಲೇ ಬಂತು. ಅವತ್ತು ನಮ್ಮ ಜಗಲಿಯಲ್ಲಿ ಸಕ್ಕರೆ ಹಂಚಿದವರು ಏಣಿಯ ಮಾತಾಡಿದವರೇ.

ಮುಂದಿನದು ಎಲ್ಲರಿಗೂ ಗೊತ್ತು. 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್‌ನ ಬೆಂಕಿಯಂಥ ಬೌಲಿಂಗ್ ಎದುರು ಇಡೀ ತಂಡ 190ಕ್ಕೆ ಮುಗಿದಾಗ ಅದರಲ್ಲಿ ಔಟಾಗದೆ 97 ಇವರದೇ. ಗಿಡ್ಡ ಆಳಿಗೆ ವೇಗದ ಬೌಲಿಂಗ್ ಆಗದು ಎಂದವರು ಆಮೇಲೆ ಆ ಮಾತೆತ್ತಲಿಲ್ಲ. ಎತ್ತರ ಕಡಿಮೆಯಿದ್ದುದರಿಂದಲೇ ಚೆಂಡಿನ ಅಳತೆ ಅವರಿಗೆ ಬೇಗ ಸಿಗುತ್ತದೆ ಎಂದು ಹೊಸ ಶಾಸ್ತ್ರ ಬರೆದರು!

ಈ ಕತೆಯನ್ನು ಜಗಲಿಯಲ್ಲಿ ಹೇಳಿದೆ. ಕಳೆದ ವಿಶ್ವಕಪ್ಪಿನ ಮಾತನ್ನೂ ಸೇರಿಸಿದೆ. 2025ರಲ್ಲಿ ನಮ್ಮ ಹುಡುಗಿಯರು ಗೆದ್ದರಲ್ಲ, ಅದರಲ್ಲಿ ಜೆಮಿಮಾ ರಾಡ್ರಿಗಸ್ ಎರಡು ಸಲ ಸೊನ್ನೆ ಸುತ್ತಿ ಒಂದು ಪಂದ್ಯಕ್ಕೆ ತಂಡದಿಂದಲೇ ಹೊರಗುಳಿದಿದ್ದಳು. ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾ ಕೊಟ್ಟ 339ರ ಗುರಿಯನ್ನು ಔಟಾಗದೆ 127 ಹೊಡೆದು ಮುಟ್ಟಿಸಿದವಳೂ ಅವಳೇ.

"ಸರಿ ಚಿಕ್ಕಮ್ಮಾ, ಅವರೆಲ್ಲ ದೊಡ್ಡವರು" ಅಂದ ಹುಡುಗಿಯ ಅಪ್ಪ. "ಸೊನ್ನೆ ಹೊಡೆದವರೆಲ್ಲ ವಿಶ್ವನಾಥ್ ಆಗಲ್ಲ."

ನಿಜ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಸೊನ್ನೆ ಹೊಡೆದು ಸೊನ್ನೆಯಾಗಿಯೇ ಮರೆಯಾದವರು ನೂರಾರು ಜನ, ಅವರ ಕತೆ ಯಾರೂ ಬರೆಯುವುದಿಲ್ಲ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಆಗ ನನ್ನ ಮನಸ್ಸಿಗೆ ಬಂದದ್ದು ವಿಶ್ವನಾಥ್ ಅಲ್ಲ, ನನ್ನ ಅಕ್ಕ.

ಕಾನ್ಪುರದ ಪಂದ್ಯ ಮುಗಿದು ಏಳೆಂಟು ತಿಂಗಳಿಗೆ, 1970ರಲ್ಲಿ, ಅಕ್ಕನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಗಣಿತದಲ್ಲಿ ನಾಲ್ಕು ಅಂಕಕ್ಕೆ ಹೋಗಿತ್ತು. ಅದೇ ಜಗಲಿ, ಹೆಚ್ಚುಕಡಿಮೆ ಅದೇ ಜನ. ಹುಡುಗಿಯ ಬಲ, ದೌರ್ಬಲ್ಯದ ಚರ್ಚೆಯಾಯಿತು. ಕೈಬರಹ ಚೆಂದ, ಹಾಡ್ತಾಳೆ, ಅಡಿಗೆ ಬರುತ್ತೆ. ಲೆಕ್ಕ ತಲೆಗೆ ಹತ್ತಲ್ಲ. ಮತ್ತೆ ಪರೀಕ್ಷೆ ಕಟ್ಟಿಸಿದರೆ ಫೀಸು ದಂಡ, ಒಂದು ಗಂಡು ಬೇರೆ ಗೊತ್ತಾಗಿದೆ, ಇನ್ನೇಕೆ? ಕಾವಲಿಯ ಮಾತಾಡಿದ ಅಮ್ಮ ಅವತ್ತು ಒಳಗಿನಿಂದ ಏನೂ ಕೂಗಲಿಲ್ಲ. ಮುಂದಿನ ಮಾಘದಲ್ಲಿ ಮದುವೆಯಾಯಿತು. ಎರಡು ವರ್ಷದ ನಂತರ ನಮ್ಮಣ್ಣ ಅದೇ ಗಣಿತದಲ್ಲಿ ಅದಕ್ಕಿಂತ ಕಡಿಮೆ ಅಂಕ ತೆಗೆದು ಕೂತ. ಅವನಿಗೆ ಎರಡು ಸಲ ಫೀಸು ಕಟ್ಟಿದರು. ಎರಡನೇ ಸಲ ಪಾಸಾದ, ಕಾರ್ಖಾನೆ ಸೇರಿದ, ಪಿಂಚಣಿಯನ್ನೂ ಕಂಡ.

ಅಪ್ಪ ಕೆಟ್ಟವರಲ್ಲ. ಅಕ್ಕನ ಮದುವೆಗೆ ಸಾಲ ಮಾಡಿ ಚಿನ್ನ ಹಾಕಿದರು. ಆಟಗಾರನ ಸೊನ್ನೆಗೆ ಮರುಗುವ, ಮಗನ ಸೊನ್ನೆಗೆ ಫೀಸು ಕಟ್ಟುವ ಮನಸ್ಸಿಗೆ ಮಗಳ ಸೊನ್ನೆ ಮಾತ್ರ ಕೊನೆಯ ಅಂಕದಂತೆ ಏಕೆ ಕಂಡಿತು? ಕೇಳೋಣವೆಂದರೆ ಈಗ ಅವರಿಲ್ಲ. ಅಕ್ಕನೋ, ಐದು ಎಕರೆ ಅಡಿಕೆ ತೋಟದ ಲೆಕ್ಕವನ್ನು ಐವತ್ತು ವರ್ಷ ಬಾಯಲ್ಲೇ ನಡೆಸಿದಳು. ಮಂಡಿಯವರ ಚೀಟಿಯಲ್ಲಿ ತಪ್ಪಿದ್ದರೆ ಓದಿ ಮುಗಿಸುವ ಮುಂಚೆ ಹೇಳುತ್ತಾಳೆ.

ಹೊಸಬರ ವಿಷಯದಲ್ಲಿ ಚರ್ಚೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ, ಸೋದರಿಯರೇ. ದುಡ್ಡು ನಮ್ಮದು, ಮಕ್ಕಳು ನಮ್ಮವು, ನೋಡಿಯೇ ಹೆಜ್ಜೆ ಇಡಬೇಕು. ಆದರೆ ಮಗಳೋ, ಸೊಸೆಯೋ, ಮೊದಲ ಸಲ ಹೊಲಿಗೆ ಯಂತ್ರದ ಮುಂದೆ ಕೂತ ತಂಗಿಯೋ, ಯಾರನ್ನೇ ಅಳೆಯುವಾಗಲೂ ಕೆಲವು ಮಾತು ಕೇಳಿಕೊಳ್ಳಬಹುದು. ಈಗ ಕಾಣುವ ದೋಷ ಅಭ್ಯಾಸದಿಂದ ತಿದ್ದುವಂಥದೇ, ಅಲ್ಲವೇ? ಎದೆಯೆತ್ತರದ ಚೆಂಡಿಗೆ ಹಿಂದೆ ಸರಿಯುವುದು ತಿದ್ದುವಂಥದು. ಎತ್ತರ ತಿದ್ದಲಾಗದು, ಆದರೆ ಅದು ದೋಷವೇ ಅಲ್ಲದಿರಬಹುದು. ಎಷ್ಟು ಅವಕಾಶ ಕೊಡುತ್ತೇವೆ ಎಂಬುದನ್ನು ಮೊದಲೇ ಹೇಳಿದ್ದೇವೆಯೇ, ಇಲ್ಲಾ ಬಿದ್ದ ಮೇಲೆ ಎಣಿಸುತ್ತಿದ್ದೇವೆಯೇ? ಇದೇ ತಪ್ಪನ್ನು ಮನೆಯ ಗಂಡುಹುಡುಗ ಮಾಡಿದ್ದರೆ ಏನು ಮಾಡುತ್ತಿದ್ದೆವು? ಕೊನೆಯದಾಗಿ, ಚರ್ಚೆ ಯಾರ ಬಗ್ಗೆಯೋ ಅವರನ್ನು ಜಗಲಿಗೆ ಕರೆದಿದ್ದೇವೆಯೇ?

ಅವತ್ತು ನಾನು ಮಾಡಿದ್ದು ಅಷ್ಟೇ. ಹುಡುಗಿಯನ್ನು ಹೊರಗೆ ಕರೆದು ಅವಳಪ್ಪನ ಪಕ್ಕ ಕೂರಿಸಿದೆ. ಬಾಯಿ ಬಿಡುತ್ತಾಳೋ ಇಲ್ಲವೋ ಎಂದಿದ್ದೆ. ಚೆನ್ನಾಗಿಯೇ ಬಿಟ್ಟಳು.

"ಚಿಕ್ಕಪ್ಪ ಹೇಳಿದ್ದು ಸರಿ. ಎತ್ತರದ ಚೆಂಡಿಗೆ ನನಗೆ ಹೆದರಿಕೆ ಇದೆ. ಮೊದಲು ಟೆನಿಸ್ ಚೆಂಡಲ್ಲೇ ಆಡಿದ್ದು, ಗಟ್ಟಿ ಚೆಂಡು ಬಂದು ಒಂದೇ ವರ್ಷ. ಆದರೆ ಅವತ್ತು ಔಟಾಗಿದ್ದು ಎತ್ತರದ ಚೆಂಡಿಗಲ್ಲ, ನೆಲಕ್ಕೆ ಬಿದ್ದ ಸಾದಾ ಚೆಂಡಿಗೆ. ಅವಸರ ಮಾಡಿದೆ. ಇನ್ನೊಂದು ವರ್ಷ ಕೊಡಿ. ಪಿಯುಸಿಯಲ್ಲಿ ಅಂಕ ಕಡಿಮೆಯಾದರೆ ನಾನೇ ಬಿಡ್ತೀನಿ."

ನಾಲ್ಕು ನ್ಯಾಯಾಧೀಶರಲ್ಲಿ ಒಬ್ಬರಿಗೂ ಅವಳು ಯಾವ ಚೆಂಡಿಗೆ ಔಟಾದಳು ಎಂಬುದು ಗೊತ್ತಿರಲಿಲ್ಲ, ನೋಡಿ!

ಆದರೂ ಅವಳಪ್ಪ ಕೂಡಲೇ ಒಪ್ಪಲಿಲ್ಲ. ಬೂಟು, ಪ್ಯಾಡು, ತರಬೇತಿಯ ಫೀಸು, ಬಸ್ಸು ಎಂದು ಬೆರಳು ಮಡಿಸಿ ಎಣಿಸತೊಡಗಿದ. ಆ ಹೊತ್ತಿಗೆ ಫೋನು ಬಂತು. ಊರಿನಿಂದ ಅಕ್ಕ. ಪಂಚಾಯ್ತಿಯ ಸುದ್ದಿಯನ್ನು ಹುಡುಗಿಯೇ ಅಜ್ಜಿಗೆ ಮುಟ್ಟಿಸಿದ್ದಳೆಂದು ಕಾಣುತ್ತದೆ.

"ಏನಂತೆ? ಎಷ್ಟಾಗುತ್ತಂತೆ?" ಎಂದಳು.

ಅವಳ ಮಗ ಒಂದೊಂದೇ ಬಾಬ್ತು ಹೇಳಿದ. ಅವನು ಮುಗಿಸುವ ಮೊದಲೇ ಅಕ್ಕ ಮೊತ್ತ ಹೇಳಿದಳು. ಸರಿಯಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೀಸು ನಾನು ಕಟ್ತೀನಿ" ಅಂದಳು.

ಹುಡುಗಿ ಈ ತಿಂಗಳಿಂದ ಮತ್ತೆ ಐದಕ್ಕೆ ಏಳುತ್ತಿದ್ದಾಳೆ. ಅವಳು ಆಯ್ಕೆಯಾಗುತ್ತಾಳೋ, ಮುಂದಿನ ವರ್ಷವೂ ಎರಡನೆಯ ಚೆಂಡಿಗೆ ಬರುತ್ತಾಳೋ ನಾನು ಹೇಳಲಾರೆ. ದೋಸೆ ಹಿಟ್ಟನ್ನಂತೂ ದಿನಾ ರಾತ್ರಿ ರುಬ್ಬಿಡುತ್ತಿದ್ದೇನೆ.