ವಿದ್ಯಾರ್ಥಿಗಳೂ ಗ್ರಾಮಸೇವೆಯೂ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ವಿದ್ಯಾಮಂತ್ರಿಗಳಾದ ಡಾ. ವಿ. ಕೆ. ಆರ್. ವಿ. ರಾಯರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಸೇವೆಯ ಮೂಲಕ ವಿದ್ಯೆಯೆಂಬುದೇ ಅದರ ಉದ್ದೇಶ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಹಳ್ಳಿಯಲ್ಲಿ ಏಳು ದಿನಗಳ ಶಿಬಿರ, ಇವು ನಿಯಮಗಳು. ಗಂಟೆಗಳ ಲೆಕ್ಕವೇನೋ ತಪ್ಪದೆ ಬರೆಯಲ್ಪಡುತ್ತಿದೆ, ವಿದ್ಯೆಯ ಲೆಕ್ಕವನ್ನಿಡುವವರಾರು?

ಶಿಬಿರಕ್ಕೆ ಬಂದ ತರುಣರು ಗುಡಿಯ ಅಂಗಳವನ್ನು ಗುಡಿಸುತ್ತಾರೆ, ಗಿಡ ನೆಡುತ್ತಾರೆ. ಏಳನೆಯ ದಿನ ಹಾರತುರಾಯಿಗಳ ಸಮಾರಂಭ. (ಎಂಟನೆಯ ದಿನ ಗಿಡಕ್ಕೆ ನೀರೆರೆಯುವವರಾರೆಂದು ಯಾರೂ ಕೇಳುವುದಿಲ್ಲ.) ಕೋಲಾರ, ತುಮಕೂರು ಜಿಲ್ಲೆಗಳ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದುಕಲೆ, ಹಿರಿಯರ ಕೀಲುಗಳಲ್ಲಿ ಬಿಗಿತ. ರಸಾಯನಶಾಸ್ತ್ರದ ವಿದ್ಯಾರ್ಥಿಯು ನೀರಿನ ಪರೀಕ್ಷೆಯನ್ನು ಪ್ರಯೋಗಶಾಲೆಯಲ್ಲಿ ಅಂಕಗಳಿಗಾಗಿ ಕಲಿಯುತ್ತಾನೆ. ಹಳ್ಳಿಗೆ ಹೋದಾಗ ಅವನ ಕೈಗೆ ಪೊರಕೆಯನ್ನು ಮಾತ್ರ ಕೊಡುತ್ತೇವೆ!

ಪೊರಕೆಯನ್ನು ನಾವು ಹೀಗಳೆಯುವವರಲ್ಲ. ಆದರೆ ಪ್ರತಿಯೊಂದು ಕಾಲೇಜೂ ಒಂದು ಹಳ್ಳಿಯನ್ನಾದರೂ ಮೂರು ವರ್ಷಗಳ ಕಾಲ ಕೈಬಿಡದಿರಲಿ. ವಿದ್ಯಾರ್ಥಿಗಳು ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಅಲ್ಲಿನ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ತಿಳಿಗನ್ನಡದಲ್ಲಿ ಓದಲಿ. ರೈತರು ಕೇಳುವ ಪ್ರಶ್ನೆಗಳಿಗೆ ಉತ್ತರ ತೋಚದಿದ್ದಲ್ಲಿ, ಹಿಂತಿರುಗಿ ಮತ್ತೆ ಪುಸ್ತಕ ತೆರೆಯಲಿ. ಈ ಕಾರ್ಯವನ್ನು ಪಠ್ಯಕ್ರಮದೊಳಗೆ ಸೇರಿಸುವ ಅಧಿಕಾರವು ವಿಶ್ವವಿದ್ಯಾನಿಲಯಗಳ ವಿದ್ಯಾವಿಷಯಕ ಪರಿಷತ್ತುಗಳಿಗೇ ಇದೆ. ಮುಂದಿನ ಸಭೆಯಲ್ಲಿಯೇ ಅವು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಒತ್ತಾಯಪಡಿಸುತ್ತೇವೆ.