ಮನವಿ ಪತ್ರ: ಮನೆಯ ಬ್ರಾಡ್‌ಬ್ಯಾಂಡ್‌ಗೆ ಸಾರ್ವಜನಿಕ ಐಪಿ ವಿಳಾಸ ಮತ್ತು ಸಾಕಷ್ಟು ಅಪ್‌ಲೋಡ್ ವೇಗ ಕೊಡಿಸುವ ಕುರಿತು

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ನವದೆಹಲಿ.

ಇವರಿಂದ,
ಮನೆಯಲ್ಲಿ ಗೇಮ್ ಸರ್ವರ್ ನಡೆಸುವ ಬ್ರಾಡ್‌ಬ್ಯಾಂಡ್ ಗ್ರಾಹಕರು,
ಶಿವಮೊಗ್ಗ, ಕರ್ನಾಟಕ.

ವಿಷಯ: ಗೆಳೆಯರು, ಬಂಧುಗಳು ಸೇರಿ ಆಡುವ ಆನ್‌ಲೈನ್ ಆಟಗಳಿಗೆ ಮನೆಯಲ್ಲೇ ಸರ್ವರ್ ಇಡಲು ಇರುವ ಅಡ್ಡಿಗಳನ್ನು ನಿವಾರಿಸುವಂತೆ ಕೋರಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಪ್ರತಿ ತಿಂಗಳೂ ತಪ್ಪದೆ ಬಿಲ್ ಕಟ್ಟುವ ಫೈಬರ್ ಸಂಪರ್ಕದ ಗ್ರಾಹಕರು. ನಮ್ಮಲ್ಲಿ ಶಾಲೆಯ ಶಿಕ್ಷಕರಿದ್ದಾರೆ, ಡಿಪ್ಲೊಮಾ ಓದುವ ಹುಡುಗರಿದ್ದಾರೆ, ಮಕ್ಕಳ ಆಸಕ್ತಿಗೆ ಒತ್ತಾಸೆಯಾಗಿ ನಿಂತ ತಂದೆತಾಯಂದಿರಿದ್ದಾರೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ, ಬೇರೆ ಬೇರೆ ಊರಿನಲ್ಲಿರುವ ನಮ್ಮವರನ್ನು ಒಂದೇ ಆಟಕ್ಕೆ ಸೇರಿಸುವುದು ನಮ್ಮ ಆಸೆ. ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೈನ್‌ಕ್ರಾಫ್ಟ್‌ನ ಸರ್ವರ್ ಫೈಲನ್ನು ಅದರ ತಯಾರಕರೇ ಉಚಿತವಾಗಿ ಕೊಡುತ್ತಾರೆ. ಮೊದಲು ಮೈನ್‌ಟೆಸ್ಟ್ ಎನ್ನುತ್ತಿದ್ದ ಲುವಾಂಟಿಯಂತೂ ಪೂರ್ತಿ ಮುಕ್ತ ತಂತ್ರಾಂಶ. ಕಂಪ್ಯೂಟರ್ ಇದೆ, ತಂತ್ರಾಂಶ ಇದೆ, ಕಲಿಯುವ ಹುಮ್ಮಸ್ಸೂ ಇದೆ. ಆದರೂ ಕೆಲಸ ಆಗುತ್ತಿಲ್ಲ. ಕಾರಣ, ನಮ್ಮ ಇಂಟರ್‌ನೆಟ್ ಸಂಪರ್ಕ ಹೊರಗೆ ಹೋಗಲು ಬಿಡುತ್ತದೆ, ಹೊರಗಿನಿಂದ ನಮ್ಮ ಮನೆಗೆ ಬರಲು ಬಿಡುವುದಿಲ್ಲ.

ನಡೆದದ್ದು ಹೀಗೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮಲ್ಲೊಬ್ಬರ ಮಗಳು, ಒಂಬತ್ತನೇ ತರಗತಿಯವಳು, ದಾವಣಗೆರೆಯ ಅತ್ತೆಯ ಮಕ್ಕಳು ಮತ್ತು ಮಂಗಳೂರಿನ ಚಿಕ್ಕಪ್ಪನ ಮಗನ ಜೊತೆ ಸೇರಿ ಶಿವಪ್ಪ ನಾಯಕನ ಅರಮನೆಯನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಲು ಹೊರಟಳು. ಅರಮನೆಗೆ ಹೋಗಿ ಮರದ ಕಂಬಗಳನ್ನು ಎಣಿಸಿ, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು ಬಂದಿದ್ದಳು. ಅಪ್ಪ, ಮಗಳು ಕೂತು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರು. ಅದಕ್ಕೆ ಮನೆಯೊಳಗೆ 192.168 ಎಂದು ಶುರುವಾಗುವ ಸ್ಥಿರ ವಿಳಾಸ ಕೊಟ್ಟರು, ರೂಟರಿನಲ್ಲಿ ಮೈನ್‌ಕ್ರಾಫ್ಟ್‌ನ 25565ನೇ ಪೋರ್ಟನ್ನು ಆ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿದರು. ಮನೆಯೊಳಗೆ ಎಲ್ಲವೂ ಸರಿಯಾಗಿ ನಡೆಯಿತು. ದಾವಣಗೆರೆಯಿಂದ ಮಾತ್ರ ಯಾರಿಗೂ ಒಳಗೆ ಬರಲಾಗಲಿಲ್ಲ.

ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತಿತ್ತು. ಇಂಟರ್‌ನೆಟ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ನೋಡಿದರೆ ಬೇರೆಯೇ ವಿಳಾಸ ಕಾಣುತ್ತಿತ್ತು. ಗ್ರಾಹಕ ಸೇವೆಗೆ ಕರೆ ಮಾಡಿದರೆ, ‘ಸರ್, ಡಬ್ಬಿಯಲ್ಲಿ ಹಸಿರು ಲೈಟ್ ಉರಿಯುತ್ತಿದೆಯಲ್ಲ, ನೆಟ್ ಬರುತ್ತಿದೆಯಲ್ಲ’ ಎಂದರು. ಮೂರನೇ ಕರೆಗೆ, ಸಾರ್ವಜನಿಕ ವಿಳಾಸ ಬೇಕಿದ್ದರೆ ವಾಣಿಜ್ಯ ಪ್ಲಾನಿಗೆ ಹೋಗಬೇಕು ಎಂಬ ಉತ್ತರ ಬಂತು. ಅರಮನೆಯ ಮುಂಭಾಗ ಅರ್ಧ ಎದ್ದಿದ್ದಾಗಲೇ ರಜೆ ಮುಗಿಯಿತು.

ಅಡ್ಡಿ ಇರುವುದು ಎಲ್ಲಿ

ಮೊದಲನೆಯದು ವಿಳಾಸ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸೇವಾ ಕಂಪನಿಗಳು ತಮ್ಮ ಗ್ರಾಹಕರ ನಡುವೆ ಹಂಚಿಕೊಳ್ಳಲೆಂದೇ ತೆಗೆದಿಡಲಾಯಿತು. ಈ ವ್ಯವಸ್ಥೆಗೆ ಸಿಜಿನ್ಯಾಟ್ ಎನ್ನುತ್ತಾರೆ. ಹಳೆಯ ವಠಾರವನ್ನು ನೆನೆದರೆ ಇದು ಅರ್ಥವಾಗುತ್ತದೆ. ಇಪ್ಪತ್ತು ಮನೆಗಳಿಗೆ ಬೀದಿಯಲ್ಲಿ ಒಂದೇ ಡೋರ್ ನಂಬರ್. ಒಳಗಿನವರು ಹೊರಗೆ ಕಾಗದ ಹಾಕಬಹುದು, ಅದಕ್ಕೆ ಉತ್ತರವೂ ಬರುತ್ತದೆ. ಹೊರಗಿನವರು ತಾವಾಗಿ ಕಾಗದ ಬರೆದರೆ ಅದು ಯಾವ ಮನೆಗೆ ಎಂದು ಅಂಚೆಯವನಿಗೆ ತಿಳಿಯದೆ ಹಿಂದಕ್ಕೆ ಹೋಗುತ್ತದೆ. ಬೇರೆಯವರ ಸರ್ವರಿನಲ್ಲಿ ನಾವು ಆಡಬಹುದು, ನಮ್ಮ ಸರ್ವರಿಗೆ ಬೇರೆಯವರು ಬರಲಾಗದು ಎಂಬುದರ ಗುಟ್ಟು ಇಷ್ಟೇ. ನಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಏಕೆಂದರೆ ಮುಚ್ಚಿರುವ ಬಾಗಿಲು ಕಂಪನಿಯ ಕಡೆಗಿದೆ.

ಕಂಪನಿಗಳ ಕಷ್ಟವನ್ನೂ ನಾವು ಬಲ್ಲೆವು. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಹಂಚಲು ಜಾಗತಿಕ ಮಟ್ಟದಲ್ಲಿ ಉಳಿದಿದ್ದ ಸಂಗ್ರಹ 2011ರ ಫೆಬ್ರುವರಿಯಲ್ಲೇ ಮುಗಿಯಿತು. ಆದರೆ ಇದಕ್ಕೆ ಪರಿಹಾರವಾದ ಐಪಿವಿ6 1998ರಿಂದಲೂ ಇದೆ. ದೂರಸಂಪರ್ಕ ಇಲಾಖೆ 2010ರಲ್ಲಿ, ಮತ್ತೆ 2013ರಲ್ಲಿ ಅದರ ಅಳವಡಿಕೆಗೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿದೆ. ಮೊಬೈಲ್ ಜಾಲಗಳ ಬಲದಿಂದ ಭಾರತ ಇಂದು ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಅದೇ ಹೆಮ್ಮೆ ನಮ್ಮ ಮನೆಯ ಫೈಬರ್ ಡಬ್ಬಿಯವರೆಗೆ ಬರಬೇಕು. ನಮ್ಮಲ್ಲಿ ಕೆಲವರಿಗೆ ಐಪಿವಿ6 ಸಿಕ್ಕಿಯೇ ಇಲ್ಲ. ಸಿಕ್ಕವರಿಗೆ ಕಂಪನಿ ಕೊಟ್ಟ ರೂಟರಿನ ಫೈರ್‌ವಾಲ್ ಒಳಬರುವ ಸಂಪರ್ಕವನ್ನೆಲ್ಲ ತಡೆಯುತ್ತದೆ. ಒಂದೇ ಒಂದು ಪೋರ್ಟಿಗೆ ಅನುಮತಿ ಕೊಡೋಣವೆಂದರೆ ಅಡ್ಮಿನ್ ಪಾಸ್‌ವರ್ಡ್ ಅವರ ಕೈಯಲ್ಲಿಲ್ಲ.

ಎರಡನೆಯದು ಅಪ್‌ಲೋಡ್ ವೇಗ. ಆಟ ಆಡುವವನಿಗೆ ಬೇಕಿರುವುದು ಡೌನ್‌ಲೋಡ್. ಆಡಿಸುವವನಿಗೆ ಬೇಕಿರುವುದು ಅಪ್‌ಲೋಡ್, ಏಕೆಂದರೆ ಆಟದ ಲೋಕದಲ್ಲಾದ ಪ್ರತಿಯೊಂದು ಬದಲಾವಣೆಯನ್ನೂ ಅವನ ಸರ್ವರ್ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳಿಸಬೇಕು. ಹತ್ತು ಜನ ಸೇರಿದರೆ ಕಳಿಸುವ ಹೊರೆ ಹತ್ತು ಪಟ್ಟಾಗುತ್ತದೆ. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಕನಿಷ್ಠ ಅಪ್‌ಲೋಡ್ ಎಷ್ಟಿರಬೇಕು ಎಂಬ ಬಗ್ಗೆ ಆ ವ್ಯಾಖ್ಯೆಯಲ್ಲಿ ಒಂದು ಮಾತೂ ಇಲ್ಲ.

ಮೂರನೆಯದು ವಿಳಂಬ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ಮುಂದೆ ಸಾಗುತ್ತದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನೂರು ಕಿಲೋಮೀಟರಿಗಿಂತ ಹತ್ತಿರದ ದಾವಣಗೆರೆಗೆ ನೇರ ದಾರಿಯಿದ್ದರೆ ಹೋಗಿ ಬರಲು ಒಂದು ಮಿಲಿಸೆಕೆಂಡ್ ಸಾಕು. ಆದರೆ ಎರಡು ಮನೆಗಳ ಕಂಪನಿಗಳು ಬೇರೆಯಾದರೆ, ಆ ಎರಡು ಜಾಲಗಳು ಎಲ್ಲಿ ಕೂಡುತ್ತವೆಯೋ ಅಲ್ಲಿಯವರೆಗೆ ನಮ್ಮ ಪ್ಯಾಕೆಟ್ ಹೋಗಿ ಬರಬೇಕು. ಪಕ್ಕದ ಜಿಲ್ಲೆಗೆ ಹೊರಟದ್ದು ಮುಂಬೈಯನ್ನೋ ಚೆನ್ನೈಯನ್ನೋ ಸುತ್ತಿ ಬರುವುದನ್ನು ನಾವು ಟ್ರೇಸ್‌ರೂಟ್ ಹಾಕಿ ಕಂಡಿದ್ದೇವೆ.

ಇದು ಬರೀ ಆಟದ ಮಾತಲ್ಲ

ಹಣ ಕಟ್ಟಿ ಆಡುವ ಆಟಗಳಿಗೂ ನಮಗೂ ಸಂಬಂಧವಿಲ್ಲ. ಅಂಥವನ್ನು ನಿಷೇಧಿಸಿದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸಿ ಪ್ರೋತ್ಸಾಹಿಸುತ್ತದೆ. ಕರ್ನಾಟಕ ಸರ್ಕಾರವೂ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2024–29ರ ನೀತಿ ರೂಪಿಸಿದೆ. ಆ ಕ್ಷೇತ್ರಕ್ಕೆ ನಾಳೆ ಕೆಲಸಗಾರರು ಎಲ್ಲಿಂದ ಬರಬೇಕು? ಐಪಿ ವಿಳಾಸ ಎಂದರೇನು, ಪೋರ್ಟ್ ಏಕೆ ತೆರೆಯಬೇಕು, ಯಾರನ್ನು ಒಳಗೆ ಬಿಡಬೇಕು, ರಾತ್ರಿ ಬ್ಯಾಕಪ್ ಏಕೆ ಬೇಕು ಎಂಬುದನ್ನು ಆ ಹುಡುಗಿ ಎರಡೇ ವಾರದಲ್ಲಿ ಕಲಿತಳು. ಸರ್ವರಿಗೆ ಬೇರೆ ಬಳಕೆದಾರ ಖಾತೆ ತೆರೆದು, ಗುರುತಿನವರ ಹೆಸರಷ್ಟೇ ಇರುವ ವೈಟ್‌ಲಿಸ್ಟ್ ಮಾಡಿದವಳೂ ಅವಳೇ. ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಇನ್ನೊಂದಿಲ್ಲ.

ನಮ್ಮ ಹಕ್ಕೊತ್ತಾಯಗಳು

1. ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯಲ್ಲಿ ಕನಿಷ್ಠ ಅಪ್‌ಲೋಡ್ ವೇಗವನ್ನೂ ಸೇರಿಸುವಂತೆ ಪ್ರಾಧಿಕಾರವು ದೂರಸಂಪರ್ಕ ಇಲಾಖೆಗೆ ಶಿಫಾರಸು ಮಾಡಬೇಕು. ಜಾಹೀರಾತು ಮತ್ತು ಬಿಲ್‌ಗಳಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಬೇಕು.

2. ಸಂಪರ್ಕ ಕೊಡುವ ಮೊದಲೇ ಗ್ರಾಹಕನಿಗೆ ಸಿಗುವುದು ಸಾರ್ವಜನಿಕ ವಿಳಾಸವೋ ಹಂಚಿಕೆಯ ವಿಳಾಸವೋ ಎಂಬುದನ್ನು ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಬರೆದು ತಿಳಿಸಬೇಕು.

3. ಕೇಳಿದ ಮನೆ ಗ್ರಾಹಕನಿಗೆ ವಾಣಿಜ್ಯ ಪ್ಲಾನಿನ ಷರತ್ತಿಲ್ಲದೆ, ನಿಗದಿತ ದಿನಗಳೊಳಗೆ, ನಿಜವಾದ ವೆಚ್ಚಕ್ಕೆ ತಕ್ಕ ಶುಲ್ಕದಲ್ಲಿ ಸಾರ್ವಜನಿಕ ಐಪಿವಿ4 ವಿಳಾಸ ಕೊಡಬೇಕು.

4. ಹಳೆಯ, ಹೊಸ ಎಲ್ಲ ತಂತಿ ಸಂಪರ್ಕಗಳಿಗೂ ಪದೇಪದೇ ಬದಲಾಗದ ಐಪಿವಿ6 ವಿಳಾಸಗಳನ್ನು ಉಚಿತವಾಗಿ ಕೊಡಬೇಕು. ರೂಟರಿನ ಫೈರ್‌ವಾಲ್ ನಿಯಂತ್ರಣ ಗ್ರಾಹಕನ ಕೈಗೆ ಸಿಗಬೇಕು. ಸ್ವಂತ ರೂಟರ್ ಬಳಸುವವರಿಗೆ ಬ್ರಿಡ್ಜ್ ಮೋಡ್ ಮಾಡಿಕೊಡಬೇಕು.

5. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಸೇವಾ ಗುಣಮಟ್ಟದ ನಿಯಮಗಳ ಅಡಿಯಲ್ಲಿ, ಸಂಜೆ 7ರಿಂದ 11ರವರೆಗಿನ ಅಪ್‌ಲೋಡ್ ವೇಗ, ವಿಳಂಬ, ಪ್ಯಾಕೆಟ್ ನಷ್ಟಗಳನ್ನು ಜಿಲ್ಲಾವಾರು ಅಳೆದು ಪ್ರಕಟಿಸಬೇಕು.

6. ಲಾಭದ ಉದ್ದೇಶವಿಲ್ಲದ ಮನೆ ಸರ್ವರನ್ನು ನಿಷೇಧಿಸುವ ಷರತ್ತುಗಳನ್ನು ಒಪ್ಪಂದಗಳಿಂದ ತೆಗೆಸಬೇಕು. ಸುರಕ್ಷತೆಗೆ ಧಕ್ಕೆಯಾದಲ್ಲಿ ಕಾರಣ ತಿಳಿಸಿ ಕ್ರಮ ಕೈಗೊಳ್ಳುವುದಕ್ಕೆ ನಮ್ಮ ತಕರಾರಿಲ್ಲ.

7. ರಾಜ್ಯದೊಳಗಿನ ಇಂಟರ್‌ನೆಟ್ ಸಂಚಾರ ರಾಜ್ಯದೊಳಗೇ ವಿನಿಮಯವಾಗುವಂತೆ, ನಿಕ್ಸಿಯಂಥ ವಿನಿಮಯ ಕೇಂದ್ರಗಳಲ್ಲಿ ಎಲ್ಲ ಕಂಪನಿಗಳೂ ಕೂಡಿಕೊಳ್ಳಲು ಶಿಫಾರಸು ಮಾಡಬೇಕು.

8. ‘ಒಳಬರುವ ಸಂಪರ್ಕ ಸಿಗುತ್ತಿಲ್ಲ’ ಎಂಬುದನ್ನು ಪ್ರತ್ಯೇಕ ದೂರಾಗಿ ದಾಖಲಿಸಿ, ದೂರಿನ ಸಂಖ್ಯೆ ಕೊಟ್ಟು, ಕಾಲಮಿತಿಯಲ್ಲಿ ಉತ್ತರಿಸಬೇಕು.

ಮಾನ್ಯರೇ, ಗ್ರಾಹಕರ ಹಿತ ಕಾಯುವುದು 1997ರ ಕಾಯ್ದೆ ತಮಗೆ ಒಪ್ಪಿಸಿದ ಹೊಣೆ. 2016ರಲ್ಲಿ ದತ್ತಾಂಶದ ದರದಲ್ಲಿ ತಾರತಮ್ಯ ಸಲ್ಲದೆಂದು ಆದೇಶಿಸಿ ತಾವು ಆ ಹೊಣೆಯನ್ನು ದೃಢವಾಗಿ ನಿಭಾಯಿಸಿದ್ದನ್ನು ದೇಶ ಕಂಡಿದೆ. ಅದೇ ದೃಢತೆಯಿಂದ ಈ ಬೇಡಿಕೆಗಳನ್ನು ಪರಿಶೀಲಿಸಿ, ಸಾರ್ವಜನಿಕ ಸಮಾಲೋಚನೆಗೆ ಕರಡು ಹೊರಡಿಸಬೇಕೆಂದೂ, ಮುಂದಿನ ಬೇಸಿಗೆ ರಜೆ ಶುರುವಾಗುವ ಮೊದಲು ಕನಿಷ್ಠ 2, 3 ಮತ್ತು 4ನೇ ಬೇಡಿಕೆಗಳನ್ನು ಜಾರಿಗೆ ತರಬೇಕೆಂದೂ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಗ್ರಾಹಕರು

ಸ್ಥಳ: ಶಿವಮೊಗ್ಗ

ಪ್ರತಿ: ಟ್ರಾಯ್ ಪ್ರಾದೇಶಿಕ ಕಚೇರಿ, ಬೆಂಗಳೂರು, ಅವಗಾಹನೆಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.